ಹೆವಿ ಲೈಸೆನ್ಸ್ ಟೆಸ್ಟು ಬಸ್ಸಲ್ಲೇ ಆಗ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಮ್ಮ ಕಡೆ ಹಳ್ಳಿಗಳಲ್ಲಿ ಕಾರ್ ಲೈಸೆನ್ಸ್ ಇರೋ ಹುಡುಗ್ರು ಈಗ ಒಬ್ಬರ ಹಿಂದೆ ಒಬ್ಬರು ಹೆವಿ, ಅಂದ್ರೆ ಬಸ್ಸು ಲಾರಿ ಓಡಿಸೋ ಲೈಸೆನ್ಸ್, ಮಾಡಿಸ್ತಿದಾರೆ. ಸಂತೋಷ, ಬಸ್ ಡ್ರೈವರ್ ಕೆಲಸ ಮರ್ಯಾದೆ ಕೆಲಸ, ಅದೂ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಬಸ್ಸುಗಳಲ್ಲಿ ಕಾಲಿಡೋಕೆ ಜಾಗ ಇಲ್ಲ, ಡ್ರೈವರ್‌ಗಳು ಬೇಕೇ ಬೇಕು. ಆದ್ರೆ ಆ ಲೈಸೆನ್ಸ್ ಕೈಗೆ ಬರ್ತಿರೋ ರೀತಿ ನೋಡಿದ್ರೆ ಭಯ ಆಗುತ್ತೆ. ನಾನು ಬಸ್ ಓಡಿಸಿಯೇ ನಿವೃತ್ತಿ ಆದವನು, ಶಿರಾಡಿ ಚಾರ್ಮಾಡಿ ಎರಡೂ ಘಾಟಿಲಿ ಮಳೆಗಾಲದ ನೈಟ್ ಡ್ಯೂಟಿ ಮಾಡಿದೀನಿ, ಅದಕ್ಕೇ ಬರೀತಿದೀನಿ.

ಕಾನೂನು ಕೇಳೋದು ಇಷ್ಟು: ಕಾರ್ ಲೈಸೆನ್ಸ್ ಆಗಿ ಒಂದು ವರ್ಷ ಆಗಿರ್ಬೇಕು, ವಯಸ್ಸು 20 ತುಂಬಿರ್ಬೇಕು, ಡಾಕ್ಟರ್ ಹತ್ರ ಆರೋಗ್ಯದ ಸರ್ಟಿಫಿಕೇಟ್ ಫಾರಂ 1ಎ, ಡ್ರೈವಿಂಗ್ ಸ್ಕೂಲಿಂದ ತರಬೇತಿ ಸರ್ಟಿಫಿಕೇಟ್ ಫಾರಂ 5, ಎಲ್‌ಎಲ್‌ಆರ್ ಅಂದ್ರೆ ಕಲಿಯೋರ ಲೈಸೆನ್ಸ್ ಆಗಿ 30 ದಿನ ಕಳೆದ್ಮೇಲೆ ಟೆಸ್ಟು. ಎಂಟನೇ ಕ್ಲಾಸ್ ಓದಿರ್ಬೇಕು ಅನ್ನೋ ನಿಯಮ 2019ರಲ್ಲೇ ತೆಗೆದ್ರು, ಅದು ಸರಿಯಾಗೇ ಇದೆ, ಸ್ಟೇರಿಂಗ್ ಹಿಡಿಯೋಕೆ ಮಾರ್ಕ್ಸ್ ಕಾರ್ಡ್ ಯಾಕೆ ಬೇಕು. ಇದೆಲ್ಲ ಪೇಪರಲ್ಲಿ ಚೆನ್ನಾಗಿದೆ. ಕೆಡೋದು ಫಾರಂ 5 ಹತ್ರ.

ನನ್ನ ತಮ್ಮನ ಮಗ ಹೋದ ಡ್ರೈವಿಂಗ್ ಸ್ಕೂಲಲ್ಲಿ ಇದ್ದಿದ್ದು ಒಂದು ಹಳೇ ಪುಟ್ಟ ಗೂಡ್ಸ್ ಗಾಡಿ, ಅದೂ ಖಾಲಿ. ಊರಾಚೆ ಬಯಲಲ್ಲಿ ನಾಲ್ಕು ರೌಂಡ್ ಹೊಡೆಸಿದ್ರು, ಗೇರ್ ಹಾಕಿಸಿದ್ರು, ಸ್ವಲ್ಪ ರಿವರ್ಸ್ ತೆಗೆಸಿದ್ರು, ಸರ್ಟಿಫಿಕೇಟ್ ಬರೆದುಕೊಟ್ರು. ಟೆಸ್ಟಿಗೂ ಅದೇ ಗಾಡಿ. ಪಾಸ್. ಬಸ್ಸಿನ ಸೀಟಲ್ಲಿ ಒಂದು ಸಲಾನೂ ಕೂರದೇ ಇರೋ ಹುಡುಗ ಈಗ ಕಾನೂನು ಪ್ರಕಾರ ಐವತ್ತು ಜನ ಕೂರಿಸಿಕೊಂಡು ಹೊರಡಬಹುದು! ಯಾಕಂದ್ರೆ ಮೋಟಾರು ವಾಹನ ಕಾಯ್ದೆಯ 1994ರ ತಿದ್ದುಪಡಿಲಿ ಮೀಡಿಯಂ ಗೂಡ್ಸ್, ಹೆವಿ ಗೂಡ್ಸ್, ಮೀಡಿಯಂ ಪ್ಯಾಸೆಂಜರ್, ಹೆವಿ ಪ್ಯಾಸೆಂಜರ್ ಅಂತ ಇದ್ದ ನಾಲ್ಕು ಕ್ಲಾಸೂ ಸೇರಿಸಿ ಟ್ರಾನ್ಸ್‌ಪೋರ್ಟ್ ವೆಹಿಕಲ್ ಅಂತ ಒಂದೇ ಮಾಡಿಬಿಟ್ರು. ಇನ್ನೊಂದು ವಿಷ್ಯ ನೋಡಿ, 7,500 ಕೆಜಿ ಒಳಗಿನ ಗಾಡಿಗೆ ಕಾರ್ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಲ್ಲಿ ಹೇಳಿದೆ. ಹಾಗಾದ್ರೆ ಆ ಪುಟ್ಟ ಗಾಡಿಲಿ ಟೆಸ್ಟ್ ಕೊಟ್ಟವನು ಸಾಬೀತು ಮಾಡಿದ್ದಾದ್ರೂ ಏನು? ತನ್ನ ಹತ್ರ ಮೊದಲೇ ಇದ್ದ ಲೈಸೆನ್ಸಲ್ಲಿ ಓಡಿಸಬಹುದಾದ ಗಾಡಿಯನ್ನೇ ಓಡಿಸಿ ತೋರಿಸಿದಾನೆ ಅಷ್ಟೇ.

ಕಾರಿಗೂ ಬಸ್ಸಿಗೂ ಇರೋ ವ್ಯತ್ಯಾಸ ಸೈಜಿಂದು ಮಾತ್ರ ಅಂದ್ಕೊಂಡಿದಾರೆ ತುಂಬಾ ಜನ. ಕಾರಲ್ಲಿ ಮುಂದಿನ ಚಕ್ರ ನಮ್ಮ ಮುಂದೆ ಇರುತ್ತೆ, ಬಸ್ಸಲ್ಲಿ ಡ್ರೈವರ್ ಸೀಟಿನ ಹಿಂದೆ. ಅಂದ್ರೆ ತಿರುವಲ್ಲಿ ನಾವು ಕೂತಿರೋ ಜಾಗ ತಿರುವು ದಾಟಿ ಮುಂದೆ ಹೋದ್ಮೇಲೆ ಸ್ಟೇರಿಂಗ್ ತಿರುಗಿಸ್ಬೇಕು, ಕಾರಿನ ಅಭ್ಯಾಸದಲ್ಲಿ ಮೊದಲೇ ತಿರುಗಿಸಿದ್ರೆ ಹಿಂದಿನ ಚಕ್ರ ಒಳಗಡೆ ಕಟ್ ಆಗಿ ಪಕ್ಕದಲ್ಲಿರೋ ಬೈಕ್‌ನವನ ಮೇಲೆ ಹೋಗುತ್ತೆ, ಅದೇ ಹೊತ್ತಿಗೆ ಬಸ್ಸಿನ ಬಾಲ ಇನ್ನೊಂದು ಕಡೆಗೆ ಬೀಸುತ್ತೆ. 12 ಮೀಟರ್ ಗಾಡಿ ಸ್ವಾಮಿ, ಎಡಗಡೆ ಮಿರರ್ ನೋಡೋ ಅಭ್ಯಾಸ ಒಂದಕ್ಕೇ ತಿಂಗಳು ಬೇಕು.

ಬ್ರೇಕಂತೂ ಬೇರೆ ಲೋಕನೇ. ಏರ್ ಬ್ರೇಕನ್ನ ಕಾರಿನ ಥರ ಪದೇ ಪದೇ ಒತ್ತಿದ್ರೆ ಟ್ಯಾಂಕಲ್ಲಿರೋ ಗಾಳಿ ಇಳಿಯುತ್ತೆ, ಮೀಟರ್ ನೋಡ್ತಿರ್ಬೇಕು. ಘಾಟಿ ಇಳಿಯುವಾಗ ಡೀಸೆಲ್ ಉಳಿಸೋಕೆ ಅಂತ ನ್ಯೂಟ್ರಲ್ ಹಾಕೋರನ್ನ ನೋಡಿದೀನಿ, ಅದು ಜೀವದ ಜೊತೆ ಆಟ. ಇಳಿಜಾರು ಶುರುವಾಗೋಕೆ ಮುಂಚೆನೇ ಗೇರ್ ಇಳಿಸಿ, ಇಂಜಿನ್ ಹೊಗೆ ದಾರಿ ತಡೆದು ವೇಗ ಇಳಿಸೋ ಎಕ್ಸಾಸ್ಟ್ ಬ್ರೇಕ್ ಹಾಕಿ, ಇಂಜಿನ್ನೇ ಗಾಡಿ ಹಿಡಿದುಕೊಳ್ಳೋ ಹಾಗೆ ಮಾಡಿ ಇಳೀಬೇಕು, ಕಾಲಲ್ಲಿ ಒತ್ತೋ ಬ್ರೇಕನ್ನೇ ನಂಬಿಕೊಂಡ್ರೆ ಡ್ರಮ್ಮು ಕಾದು ಅರ್ಧ ಘಾಟಿಲಿ ಬ್ರೇಕೇ ಹಿಡಿಯಲ್ಲ. ಖಾಲಿ ಗಾಡಿಲಿ ಬಯಲಲ್ಲಿ ಕಲಿತವನಿಗೆ ಇದು ಯಾವತ್ತೂ ಗೊತ್ತಾಗಲ್ಲ. ಮತ್ತೆ ಬಸ್ಸಲ್ಲಿ ಇರೋದು ಮೂಟೆ ಅಲ್ಲ, ನಿಂತಿರೋ ಅಜ್ಜಿಯರು, ಕಂಕುಳಲ್ಲಿ ಮಗು ಇಟ್ಕೊಂಡಿರೋ ತಾಯಂದಿರು, ಸ್ಕೂಲ್ ಮಕ್ಕಳು. ಒಂದು ಸಡನ್ ಬ್ರೇಕಿಗೆ ಹಲ್ಲು ಮುರಿಯುತ್ತೆ.

ಸಾರಿಗೆ ನಿಗಮದವರು 2020ರಲ್ಲಿ ಡ್ರೈವರ್ ಹುದ್ದೆಗೆ ಅರ್ಜಿ ಕರೆದಾಗ ಹೆವಿ ಲೈಸೆನ್ಸ್ ಆಗಿ ಎರಡು ವರ್ಷ ಆಗಿರ್ಬೇಕು, ಆರ್‌ಟಿಒ ಕೊಡೋ ಡ್ರೈವರ್ ಬ್ಯಾಡ್ಜ್ ಇರ್ಬೇಕು ಅಂತ ಕೇಳಿದ್ರು. ನ್ಯಾಯವಾದ ಷರತ್ತು, ನಿಗಮದ ಟ್ರ್ಯಾಕ್ ಟೆಸ್ಟೂ ಕಟ್ಟುನಿಟ್ಟು. ಆದ್ರೆ ಆ ಎರಡು ವರ್ಷ ಹುಡುಗ್ರು ಎಲ್ಲಿ ಕಳೀತಾರೆ ಅಂತ ಯಾರಾದ್ರೂ ಯೋಚ್ನೆ ಮಾಡಿದಾರಾ? ಟಿಪ್ಪರಲ್ಲಿ, ಮದುವೆ ಟ್ರಿಪ್ ಹೊಡೆಯೋ ಬಸ್ಸಲ್ಲಿ, ಸ್ಕೂಲ್ ಬಸ್ಸಲ್ಲಿ. ಹೇಳಿಕೊಡೋ ಸೀನಿಯರ್ ಪಕ್ಕದಲ್ಲಿ ಇರಲ್ಲ. ನಮ್ಮ ಮಕ್ಕಳನ್ನ ಕೂರಿಸಿಕೊಂಡೇ ಅವರು ಕಲೀತಿದಾರೆ. ಹುಡುಗ್ರನ್ನ ಬೈತಿಲ್ಲ ನಾನು, ಅವರಿಗೆ ಕಲಿಯೋ ಆಸೆ ಇದೆ, ಜಾಗ ಇಲ್ಲ.

ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಿಗೆ ಅಂತ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಲ್ಲಿ ಹೆವಿ ಕೋರ್ಸ್ 38 ಗಂಟೆ, ಆರು ವಾರ ಅಂತಿದೆ. ಅಷ್ಟಾದ್ರೂ ಎಲ್ಲ ಸ್ಕೂಲಿಗೂ ಕಡ್ಡಾಯ ಆಗ್ಲಿ. ಹಾಸನದಲ್ಲಿ, ಮಳವಳ್ಳಿಲಿ ಸಾರಿಗೆ ನಿಗಮದ ತರಬೇತಿ ಕೇಂದ್ರಗಳಿವೆ, ಅನುಭವಸ್ಥ ಇನ್‌ಸ್ಟ್ರಕ್ಟರ್‌ಗಳಿದಾರೆ, ಪರಿಶಿಷ್ಟ ಜಾತಿ ಪಂಗಡದ ಹುಡುಗ್ರಿಗೆ ಅಲ್ಲಿ ಹೆವಿ ಕಲಿಸಿದ್ದೂ ಇದೆ. ಅದೇ ಬಾಗಿಲನ್ನ ಎಲ್ಲ ಬಡ ಹುಡುಗ ಹುಡುಗಿಯರಿಗೂ ಕಮ್ಮಿ ಫೀಸಲ್ಲಿ ತೆಗೀಬೇಕು, ರೂಟಿಂದ ಇಳಿಸಿದ ಹಳೇ ಬಸ್ಸುಗಳನ್ನ ಗುಜರಿಗೆ ಹಾಕೋ ಮುಂಚೆ ಕಂಡೀಷನ್ ಚೆನ್ನಾಗಿರೋವನ್ನ ಕಲಿಕೆಗೆ ಕೊಡಬೇಕು. ಬಸ್ ಓಡಿಸೋಕೆ ಲೈಸೆನ್ಸ್ ಬೇಕು ಅನ್ನೋರಿಗೆ ಟೆಸ್ಟು ಪೂರ್ತಿ ಉದ್ದದ ಬಸ್ಸಲ್ಲೇ, ಸೀಟುಗಳ ಮೇಲೆ ಮರಳು ಮೂಟೆ ಭಾರ ಹಾಕಿ, ಏರಲ್ಲಿ ನಿಲ್ಲಿಸಿ ಎತ್ತಿಸಿ, ಇಳಿಜಾರಲ್ಲಿ ಗೇರಲ್ಲೇ ಇಳಿಸಿ ನೋಡಬೇಕು. ಸಾರಿಗೆ ಸಚಿವರು ಮತ್ತು ಸಾರಿಗೆ ಆಯುಕ್ತರು ಇದನ್ನ ಒಂದು ಜಿಲ್ಲೆಲಾದ್ರೂ ಈ ವರ್ಷವೇ ಶುರು ಮಾಡ್ಲಿ. ಹಾಸನದಲ್ಲೇ ಮಾಡಿದ್ರೆ ಸಂಬಳ ಇಲ್ಲದೆ ಬಂದು ಹೇಳಿಕೊಡೋಕೆ ನನ್ನಂಥ ರಿಟೈರ್ಡ್ ಡ್ರೈವರ್‌ಗಳು ರೆಡಿ ಇದೀವಿ.

– ಒಬ್ಬ ನಿವೃತ್ತ ಬಸ್ ಚಾಲಕ, ಅರಸೀಕೆರೆ