ಟಾಂಗಾ ಕುದುರೆಯ ಕಾಲಿನ ನೋವಿಗೂ ಸ್ಕ್ಯಾನ್ ಸಿಗಲಿ

ಮಾನ್ಯರೇ,

ಮೈಸೂರಿನ ಟಾಂಗಾ ಕುದುರೆಗಳು ಸುದ್ದಿಯಾಗುವುದು ಹೆಚ್ಚಾಗಿ ದಸರಾ ಹೊತ್ತಿಗೆ. ಆ ಸೀಸನ್‌ನಲ್ಲಿ ಜಾಸ್ತಿ ಓಡಿ, ಆಮೇಲೆ ಮುಂಗಾಲು ಎತ್ತಿಕೊಂಡು ನಿಲ್ಲುವ ಕುದುರೆಗಳ ಬಗ್ಗೆ ಯಾರೂ ಬರೆಯುವುದಿಲ್ಲ. ನಮ್ಮದು ಟಾಂಗಾ ಓಡಿಸುವ ಮನೆ. ಅದಕ್ಕೇ ಈ ಪತ್ರ.

ಕುದುರೆಗೆ ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡವೇ ಇಲ್ಲ. ಮೂಳೆ, ನರ, ಚರ್ಮ ಅಷ್ಟೇ. ಮೂಳೆಯ ಹಿಂದೆ ಹಗ್ಗದ ಹಾಗೆ ಗಟ್ಟಿಯಾಗಿ ಕೈಗೆ ಸಿಗುತ್ತದಲ್ಲ, ನಾವು ನರ ಅನ್ನುವುದು, ಡಾಕ್ಟರು ಟೆಂಡನ್ ಅನ್ನುವುದು, ಅದು ಪ್ರತಿ ಹೆಜ್ಜೆಗೂ ಹಿಗ್ಗಿ ಕುಗ್ಗಿ ಮೈಭಾರ ಹೊರುತ್ತದೆ. ಅದರೊಳಗಿನ ಎಳೆ ಹರಿದರೆ ಕಾಲಿನ ಹಿಂಬದಿ ಊದುತ್ತದೆ, ಮುಟ್ಟಿದರೆ ಬಿಸಿ, ಒತ್ತಿದರೆ ಕುದುರೆ ಕಾಲು ಎಳೆದುಕೊಳ್ಳುತ್ತದೆ. ಆ ಜಾಗಕ್ಕೆ ರಕ್ತ ಹರಿಯುವುದೇ ಕಡಿಮೆ. ಹಾಗಾಗಿ ವಾಸಿಯಾಗುವುದೂ ನಿಧಾನ.

ಮೊದಲ ಕೆಲವು ದಿನ ಮಾಡಬೇಕಾದ್ದು ಸರಳ. ಗಾಡಿಯಿಂದ ಬಿಚ್ಚಿ ನಿಲ್ಲಿಸಿ. ದಿನಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲಕ್ಕೆ 15ರಿಂದ 20 ನಿಮಿಷ, ಐಸ್ ಇಡಿ ಅಥವಾ ತಣ್ಣೀರು ಬಿಡಿ. ಹತ್ತಿ ಇಟ್ಟು ಹದವಾಗಿ ಬ್ಯಾಂಡೇಜ್ ಕಟ್ಟಿ. ಇನ್ನೊಂದು ಮುಂಗಾಲಿಗೂ ಕಟ್ಟಿ, ಯಾಕೆಂದರೆ ಈಗ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ನೋವಿನ ಔಷಧಿ ಡಾಕ್ಟರು ಹೇಳಿದಷ್ಟೇ ಕೊಡಿ. ನಿಂತ ಕುದುರೆಗೆ ಹುರುಳಿ ಇಳಿಸಿ ಹುಲ್ಲು ಜಾಸ್ತಿ ಮಾಡಿ, ಇಲ್ಲದಿದ್ದರೆ ಮೈಯಲ್ಲಿ ಕಸುವು ತುಂಬಿ ಲಾಯದಲ್ಲೇ ಕುಣಿದು ಇನ್ನಷ್ಟು ಹರಿದುಕೊಳ್ಳುತ್ತದೆ.

ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಕೆಲವು ವಾರ ಕಳೆದರೆ ಊತ ಇಳಿಯುತ್ತದೆ, ಕುಂಟು ಹೋಗುತ್ತದೆ, ನೋಡಿದವರೆಲ್ಲ ವಾಸಿಯಾಯ್ತು ಅನ್ನುತ್ತಾರೆ. ಒಳಗೆ ನರ ಕೂಡಿರುವುದಿಲ್ಲ. ಹರಿದ ಕಡೆ ಆಗಷ್ಟೇ ಗಾಯದ ಕಲೆಯ ಎಳೆಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತಿರುತ್ತವೆ. ಆಗ ಗಾಡಿಗೆ ಕಟ್ಟಿದರೆ ಮತ್ತೆ ಹರಿಯುತ್ತದೆ, ಎರಡನೇ ಪೆಟ್ಟು ಮೊದಲಿನದಕ್ಕಿಂತ ಕೆಟ್ಟದ್ದು. ಹಾಗಂತ ತಿಂಗಳುಗಟ್ಟಲೆ ಕಟ್ಟಿಯೇ ಹಾಕಿದರೂ ಪ್ರಯೋಜನವಿಲ್ಲ. ಆ ಹೊಸ ಎಳೆಗಳು ನೆಟ್ಟಗೆ ಕೂರಬೇಕಾದರೆ ಹಿತಮಿತವಾದ ಎಳೆತ ಬೇಕು. ಕೈಯಲ್ಲಿ ಹಗ್ಗ ಹಿಡಿದು ಸಮತಟ್ಟಾದ ನೆಲದಲ್ಲಿ ಮೊದಲು ಹತ್ತು ನಿಮಿಷ ನಡೆಸಬೇಕು, ವಾರ ವಾರ ಸ್ವಲ್ಪ ಏರಿಸುತ್ತಾ ಹೋಗಬೇಕು, ತಿಂಗಳುಗಳ ನಂತರವೇ ಜಾಗಿಂಗ್‌ನಂಥ ಸಣ್ಣ ಓಟ. ದೊಡ್ಡ ಪೆಟ್ಟಾದರೆ 9ರಿಂದ 12 ತಿಂಗಳು ಹಿಡಿಯುವುದು ಮಾಮೂಲು. ನಮ್ಮ ಮನೆಯ ಹೆಣ್ಣು ಕುದುರೆ ಹೀಗೇ ಚೇತರಿಸಿಕೊಂಡಿತು. ದಿನಾ ಬೆಳಿಗ್ಗೆ ನಡೆಸುವ ಮೊದಲು ಎರಡೂ ಕಾಲುಗಳ ಹಿಂಬದಿಯನ್ನು ಕೈಯಾಡಿಸಿ ನೋಡುತ್ತಿದ್ದೆವು. ಒಂದು ಕಾಲು ಇನ್ನೊಂದಕ್ಕಿಂತ ಬಿಸಿ ಅನ್ನಿಸಿದರೆ ಅವತ್ತು ನಡಿಗೆ ಇಲ್ಲ.

ಇನ್ನೊಂದು ವಿಷಯ, ಲಾಳ. ಗೊರಸಿನ ಮುಂಭಾಗ ಉದ್ದ ಬಿಟ್ಟು ಲಾಳ ಹೊಡೆದರೆ ಹಿಂದಿನ ನರಕ್ಕೆ ಎಳೆತ ಜಾಸ್ತಿ. ಸರಿಯಾದ ಹೊತ್ತಿಗೆ ಗೊರಸು ಕತ್ತರಿಸುವ ಒಳ್ಳೆಯ ಲಾಳದವರನ್ನು ಬಿಡಬೇಡಿ. ಮತ್ತೆ ದಯವಿಟ್ಟು ಬರೆ ಹಾಕಿಸಬೇಡಿ. ಕಾದ ಕಬ್ಬಿಣದಿಂದ ಸುಟ್ಟರೆ ನರ ಬೇಗ ಕೂಡುತ್ತದೆ ಎಂದು ಈಗಲೂ ಸಲಹೆ ಕೊಡುವವರಿದ್ದಾರೆ. ಬ್ರಿಟನ್‌ನಲ್ಲಿ 1980ರ ದಶಕದಲ್ಲೇ ಪರೀಕ್ಷೆ ಮಾಡಿ, ಅದರಿಂದ ಗಾಯ ಬೇಗ ವಾಸಿಯಾಗುವುದಿಲ್ಲ ಎಂದು ತೋರಿಸಿದ್ದಾರೆ. ಅದು ಕುದುರೆಗೆ ಸುಮ್ನೆ ಹಿಂಸೆ.

ಈಗ ನನ್ನ ಬೇಡಿಕೆ. ನರ ಎಷ್ಟು ಹರಿದಿದೆ, ಎಷ್ಟು ಕೂಡಿದೆ ಎಂದು ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ, ಅಲ್ಟ್ರಾಸೌಂಡ್ ಬೇಕು. ಅದೇ ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕುದುರೆಗಳಿಗೆ ಇಂಥ ಸ್ಕ್ಯಾನ್ ಹೊಸದಲ್ಲ. ಟಾಂಗಾ ಕುದುರೆಗೂ ಅದೇ ನರ, ಅದೇ ನೋವು ಅಲ್ವಾ? ನಾವು ಒಂದು ಪಶು ಆಸ್ಪತ್ರೆಗೆ ಹೋದಾಗ ಮೆಷಿನ್ ಇರುವುದು ಹಸುಗಳಿಗೆ ಎಂದು ಹೇಳಿ ಕಳಿಸಿದರು. ಆದರೆ ಹಸುವಿನ ಗರ್ಭ ನೋಡುವ ಲೀನಿಯರ್ ಪ್ರೋಬ್‌ನಲ್ಲೇ (ಸ್ಕ್ಯಾನ್ ಮಾಡುವಾಗ ಕೈಯಲ್ಲಿ ಹಿಡಿಯುವ ಭಾಗ) ಕುದುರೆಯ ನರವನ್ನೂ ನೋಡಬಹುದು. ಹೊಸ ಮೆಷಿನ್ ಕೇಳುತ್ತಿಲ್ಲ, ಇರುವುದನ್ನೇ ಬಳಸಲು ಡಾಕ್ಟರುಗಳಿಗೆ ತರಬೇತಿ ಕೊಡಲಿ.

ಎರಡನೆಯದು ಮೇವು. ಕುಂಟುವ ಕುದುರೆಯನ್ನು ದುಡಿಸಿದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದು ಸರಿಯೇ. ಆದರೆ ಒಂದೇ ಕುದುರೆ ಇರುವವನು ವರ್ಷಪೂರ್ತಿ ಅದನ್ನು ನಿಲ್ಲಿಸಿದರೆ ಅವನ ಮನೆ ನಡೆಯುವುದು ಹೇಗೆ, ಕುದುರೆಗೆ ಹುಲ್ಲು ಬರುವುದು ಎಲ್ಲಿಂದ? ನೋವಿನ ಇಂಜೆಕ್ಷನ್ ಕೊಡಿಸಿ ಮತ್ತೆ ಗಾಡಿಗೆ ಕಟ್ಟುವವರು ಕ್ರೂರಿಗಳೆಂದು ನಾನು ಒಪ್ಪುವುದಿಲ್ಲ, ಅವರಿಗೆ ಬೇರೆ ದಾರಿ ಇರುವುದಿಲ್ಲ. ಡಾಕ್ಟರ್ ಚೀಟಿ ಕೊಟ್ಟ ಕುದುರೆಗೆ ಚೇತರಿಕೆಯ ತಿಂಗಳುಗಳಲ್ಲಿ ಪಶುಪಾಲನಾ ಇಲಾಖೆ ಮೇವಿನ ನೆರವು ಕೊಡಲಿ. ದಸರಾಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ, ಡಾಕ್ಟರೇ ಮೆಷಿನ್ ತೆಗೆದುಕೊಂಡು ಟಾಂಗಾ ಸ್ಟ್ಯಾಂಡ್‌ಗೆ ಬರಲಿ. ನರ ಹರಿದ ಕುದುರೆಯನ್ನು ಊರಾಚೆಯ ಆಸ್ಪತ್ರೆಗೆ ನಡೆಸಿಕೊಂಡು ಹೋಗಲು ಆಗುವುದಿಲ್ಲ.

ಒಬ್ಬ ಟಾಂಗಾ ಮಾಲೀಕ, ಮೈಸೂರು