ವರ್ಗವಾಗದ ಒಬ್ಬರು ಬೇಕು: ಶಿವಮೊಗ್ಗ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಈ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಮಕ್ಕಳ ಬಾಯಲ್ಲಿ ಪಿಟಿ ಮೇಷ್ಟ್ರು. ತೀರ್ಥಹಳ್ಳಿ, ಹೊಸನಗರದ ಕಡೆ ಇದ್ದು ಕೊನೆಗೆ ಶಿವಮೊಗ್ಗ ಪೇಟೆಗೆ ಬಂದವನಾದ್ದರಿಂದ ಹುಡುಗರನ್ನೂ ಪೊಲೀಸರನ್ನೂ ಒಂದೇ ಮೈದಾನದಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ. ಹದಿಹರೆಯದವರಿಗಾಗಿ ಪೊಲೀಸ್ ಇಲಾಖೆ ಕಟ್ಟುವ ಕ್ಲಬ್ಬು, ತಂಡ, ಶಿಬಿರಗಳನ್ನು ಯಾರು ನಡೆಸಬೇಕು, ಅದರಲ್ಲಿ ಯಾರಿಗೆ ಸಂಬಳ ಕೊಡಬೇಕು, ಅವರು ಯಾರಿಗೆ ಲೆಕ್ಕ ಒಪ್ಪಿಸಬೇಕು ಎನ್ನುವುದರ ಬಗ್ಗೆ ತಮಗೆ ನಾಲ್ಕು ಮಾತು ಬರೆಯಬೇಕೆನಿಸಿತು. ಉದ್ಘಾಟನೆಯ ದಿನ ಯಾರೂ ಕೇಳದ ಪ್ರಶ್ನೆಗಳು ಇವು.

ನಾನು ಕೆಲಸದಲ್ಲಿದ್ದ ಒಂದು ಊರಿನ ಠಾಣೆಗೆ (ಊರಿನ ಹೆಸರು ಬೇಡ) ವಾಲಿಬಾಲ್ ಹುಚ್ಚಿನ ಸಬ್ ಇನ್ಸ್‌ಪೆಕ್ಟರ್ ಒಬ್ಬರು ಬಂದರು. ಬಸ್‌ಸ್ಟ್ಯಾಂಡ್ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಅಳೆಯುತ್ತಿದ್ದ ಹುಡುಗರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದು ಅಂಕಣಕ್ಕೆ ಇಳಿಸಿದರು. ಕೋಚು ಅವರೇ, ಖಜಾಂಚಿ ಅವರೇ, ನೆಟ್ಟಿಗೆ ಕಂಬ ಕೇಳಲು ಪಂಚಾಯಿತಿಗೆ ಹೋದವರೂ ಅವರೇ. ಜೀಪು ಕಂಡರೆ ಗಲ್ಲಿಗೆ ನುಗ್ಗುತ್ತಿದ್ದ ಹುಡುಗರು ಜೀಪಿನ ಹಿಂದೆ ಕೂತು ಟೂರ್ನಿಗೆ ಹೋಗಿಬಂದರು. ಅಷ್ಟರಲ್ಲಿ ವರ್ಗದ ಆದೇಶ ಬಂತು. ಬೀಳ್ಕೊಡುಗೆಯಲ್ಲಿ ಶಾಲು, ಹಾರ, ಮೈಸೂರು ಪೇಟ, ಎಲ್ಲ ಆಯಿತು. ಮುಂದೆ ಬಂದವರು ಕೆಟ್ಟವರೇನಲ್ಲ. ಅವರಿಗೆ ಗಣಪತಿ ಬಂದೋಬಸ್ತು, ಎರಡು ದೊಡ್ಡ ಕೇಸು, ಕಡಿಮೆ ಸಿಬ್ಬಂದಿ. ನೆಟ್ಟು ಠಾಣೆಯ ಯಾವುದೋ ಕೋಣೆ ಸೇರಿತು. ಕೇಳಲು ಹೋದ ಹುಡುಗರಿಗೆ "ಯಾವ ನೆಟ್ಟು?" ಎಂದರಂತೆ.

ಆ ತಂಡಕ್ಕೆ ಒಂದು ರಿಜಿಸ್ಟರ್ ಇರಲಿಲ್ಲ, ಬ್ಯಾಂಕ್ ಖಾತೆ ಇರಲಿಲ್ಲ, ಕಾರ್ಯದರ್ಶಿ ಅಂತ ಒಬ್ಬರಿರಲಿಲ್ಲ. ಇದ್ದದ್ದು ಒಬ್ಬ ಒಳ್ಳೆಯ ಮನುಷ್ಯ ಮಾತ್ರ. ಅವರ ಜೊತೆ ತಂಡವೂ ವರ್ಗವಾಯಿತು.

ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಜಿಲ್ಲಾ ಎಸ್ಪಿಗೂ ಠಾಣಾಧಿಕಾರಿಗೂ ಕನಿಷ್ಠ 2 ವರ್ಷದ ಅವಧಿ ಸಿಗಬೇಕು. ಅದು ಅಕ್ಷರಶಃ ಪಾಲನೆಯಾಯಿತು ಎಂದೇ ಇಟ್ಟುಕೊಳ್ಳೋಣ. ಹದಿನಾಲ್ಕಕ್ಕೆ ನಿಮ್ಮ ಕೈ ಹಿಡಿದ ಹುಡುಗ ಇಪ್ಪತ್ತು ಮುಟ್ಟುವ ಹೊತ್ತಿಗೆ ಮೂವರು ಎಸ್ಪಿಗಳನ್ನು ಕಂಡಿರುತ್ತಾನೆ. ದಾರಿ ತಪ್ಪುವುದೂ ದಾರಿಗೆ ಬರುವುದೂ ಇದೇ ಆರು ವರ್ಷದಲ್ಲಿ. ಅಷ್ಟೂ ಕಾಲ ಅವನ ಹೆಸರು, ಮನೆ, ಅಪ್ಪನ ಕುಡಿತ, ಪಿಯುಸಿಯಲ್ಲಿ ಯಾವ ವಿಷಯ ಹೋಯಿತು ಎಂಬುದೆಲ್ಲ ಗೊತ್ತಿರುವ ಒಬ್ಬರಾದರೂ ಒಂದೇ ಕಡೆ ಕೂತಿರಬೇಡವೇ?

ಇಲಾಖೆ ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ಕೇರಳ 2010ರ ಆಗಸ್ಟ್‌ನಲ್ಲಿ 127 ಶಾಲೆಗಳಲ್ಲಿ ಶುರು ಮಾಡಿದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯನ್ನು ಕೇಂದ್ರ ಗೃಹ ಇಲಾಖೆ 2018ರಲ್ಲಿ ದೇಶಕ್ಕೆಲ್ಲ ತಂದಿತು. ನಮ್ಮ ಜಿಲ್ಲೆಯ ಶಾಲಾ ಮಕ್ಕಳನ್ನು ಠಾಣೆಗೆ ಕರೆದು ಲಾಕಪ್, ವೈರ್‌ಲೆಸ್ ತೋರಿಸುವ 'ತೆರೆದ ಮನೆ' ಕಾರ್ಯಕ್ರಮವೂ ಇದೆ. ಆದರೆ ಕೆಡೆಟ್ ಯೋಜನೆ ಎಂಟು, ಒಂಬತ್ತನೇ ತರಗತಿಯವರಿಗೆ. 'ತೆರೆದ ಮನೆ'ಗೆ ಬರುವುದು ಸಮವಸ್ತ್ರ ಹಾಕಿ ಸಾಲಿನಲ್ಲಿ ನಿಲ್ಲುವ ಮಕ್ಕಳು. ಎಸ್ಸೆಸ್ಸೆಲ್ಸಿ ಫೇಲಾಗಿ ತುಂಗಾನಗರದ ಗ್ಯಾರೇಜಿಗೆ ಸೇರಿದವನು, ಎಪಿಎಂಸಿಯಲ್ಲಿ ಮೂಟೆ ಹೊರುವವನು, ಅಡಿಕೆ ಕೊನೆ ಕೊಯ್ಲು ಇದ್ದಾಗ ಕೈಯಲ್ಲಿ ದುಡ್ಡು, ಮುಗಿದ ಮೇಲೆ ಕೈಯಲ್ಲಿ ಮೊಬೈಲು ಮಾತ್ರ ಇರುವವನು, ಇವರ್ಯಾರೂ ಆ ಸಾಲಿನಲ್ಲಿಲ್ಲ. ರಾಗಿಗುಡ್ಡದಲ್ಲಿ ಗಲಾಟೆಯಾದಾಗ, ಗಾಂಜಾ ಕೇಸು ದಾಖಲಾದಾಗ ಎಫ್‌ಐಆರ್‌ನಲ್ಲಿ ವಯಸ್ಸಿನ ಜಾಗ ನೋಡಿ. ನನಗಿಂತ ತಮಗೇ ಚೆನ್ನಾಗಿ ಗೊತ್ತು.

ಹಾಗಾಗಿ ನನ್ನ ಕೋರಿಕೆ: ಜಿಲ್ಲಾ ಪೊಲೀಸರ ಬೆಂಬಲವಿರುವ, ಆದರೆ ಪೊಲೀಸ್ ಕಚೇರಿಯ ಒಂದು ಶಾಖೆಯಲ್ಲದ, ನೋಂದಾಯಿತ ಯುವಜನ ಸಂಸ್ಥೆಯೊಂದನ್ನು ಕಟ್ಟಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಇದ್ದರೆ ಸಂಘವಾಗುತ್ತದೆ. ವರ್ಷಕ್ಕೊಮ್ಮೆ ಸಭೆ, ಲೆಕ್ಕಪರಿಶೋಧನೆ, ಪದಾಧಿಕಾರಿಗಳ ಪಟ್ಟಿ ಎಲ್ಲ ಆಗಲೇಬೇಕು. ಊರಿನ ಯುವಕ ಸಂಘ, ಸ್ತ್ರೀಶಕ್ತಿ ಗುಂಪುಗಳೇ ಲೆಕ್ಕಪತ್ರ ಇಟ್ಟು ನಡೆಸುತ್ತಿರುವಾಗ ನಮಗೆ ಕಷ್ಟವೇ?

ಇದು ನನ್ನ ತಲೆಯಲ್ಲಿ ಹುಟ್ಟಿದ್ದೇನಲ್ಲ. ನ್ಯೂಯಾರ್ಕ್ ನಗರದ ಪೊಲೀಸ್ ಅಥ್ಲೆಟಿಕ್ ಲೀಗ್‌ನ ಬೇರು 1914ರಲ್ಲಿದೆ. ಆಗಿನ ಪೊಲೀಸ್ ಕಮಿಷನರ್ ಆರ್ಥರ್ ವುಡ್ಸ್ ಕೆಲವು ಬೀದಿಗಳಲ್ಲಿ ಗಾಡಿ ಓಡಾಟ ನಿಲ್ಲಿಸಿ ಮಕ್ಕಳ ಆಟಕ್ಕೆ ಬಿಟ್ಟುಕೊಟ್ಟರು. ವುಡ್ಸ್ ಆ ಹುದ್ದೆ ಬಿಟ್ಟು ನೂರು ವರ್ಷದ ಮೇಲಾಯಿತು, ಸಂಸ್ಥೆ ಇನ್ನೂ ಇದೆ. ಅದು ಪೊಲೀಸರ ಹೆಸರು ಹೊತ್ತ, ಸ್ವಂತ ಆಡಳಿತ ಮಂಡಳಿಯುಳ್ಳ, ಲಾಭಕ್ಕಲ್ಲದ ಸಂಸ್ಥೆ. ಅದರ ಮಂಡಳಿಯನ್ನು ದಶಕಗಳ ಕಾಲ ಮುನ್ನಡೆಸಿದವರು ಪೊಲೀಸ್ ಅಧಿಕಾರಿಯಲ್ಲ, 1975ರಿಂದ 2009ರವರೆಗೆ ಮ್ಯಾನ್‌ಹಟನ್ನಿನ ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರದ ಪರ ಮೊಕದ್ದಮೆ ನಡೆಸುವ ಮುಖ್ಯ ವಕೀಲ) ಆಗಿದ್ದ ರಾಬರ್ಟ್ ಮಾರ್ಗೆಂತೌ. ಅಷ್ಟು ದೂರ ಯಾಕೆ, ದೆಹಲಿಯಲ್ಲಿ 1988ರಲ್ಲಿ ಕಿರಣ್ ಬೇಡಿಯವರೂ ಅವರ ಪೊಲೀಸ್ ಸಹೋದ್ಯೋಗಿಗಳೂ ಸೇರಿ 'ನವಜ್ಯೋತಿ' ಕಟ್ಟಿದರು. ಮಾದಕ ವ್ಯಸನಿಗಳ ಚಿಕಿತ್ಸೆಯಿಂದ ಶುರುವಾಗಿ ಬಡ ಮಕ್ಕಳ ಓದಿನವರೆಗೆ ಬೆಳೆಯಿತು. ಬೇಡಿಯವರು ಆಗಿದ್ದ ಪೊಲೀಸ್ ಹುದ್ದೆಯಿಂದ ಹೋದರು, 2007ರಲ್ಲಿ ಸೇವೆಯನ್ನೇ ಬಿಟ್ಟರು. ನವಜ್ಯೋತಿಯ ಬಾಗಿಲು ಮುಚ್ಚಲಿಲ್ಲ, ಯಾಕೆಂದರೆ ಅದು ನೋಂದಣಿಯಾದ ಸಂಸ್ಥೆ, ಅಲ್ಲಿ ಸಂಬಳದ ಸಿಬ್ಬಂದಿ ಇದ್ದರು.

ಇನ್ನು ಮುಖ್ಯಸ್ಥರು ಯಾರು? ತಾವು ಪದನಿಮಿತ್ತ ಪೋಷಕರಾಗಿರಿ, ಅಧ್ಯಕ್ಷರಾಗಬೇಡಿ. ಇದನ್ನು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದೇನೆ, ಬೇಸರಿಸಬಾರದು. ಎಸ್ಪಿ ಅಧ್ಯಕ್ಷರಾದ ಸಭೆಯಲ್ಲಿ ಇನ್ಸ್‌ಪೆಕ್ಟರ್ ಬಾಯಿ ಬಿಡುವುದಿಲ್ಲ, ವ್ಯಾಪಾರಿ ಬಾಯಿ ಬಿಡುವುದಿಲ್ಲ, ನಮ್ಮಂಥ ಮೇಷ್ಟ್ರುಗಳಂತೂ "ಸಾರ್ ಹೇಳಿದ್ದೇ ಸರಿ" ಎಂದು ಕಾಫಿ ಕುಡಿದು ಬರುತ್ತೇವೆ. ಮಂಡಳಿಯಲ್ಲಿ ಪೊಲೀಸರು ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಡ. ಉಳಿದಂತೆ ಒಬ್ಬ ಮಕ್ಕಳ ವೈದ್ಯರು, ಒಬ್ಬ ವಕೀಲರು, ಒಬ್ಬ ಕಾಲೇಜು ಅಧ್ಯಾಪಕಿ, ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದವರೊಬ್ಬರು, ಮೊಹಲ್ಲಾ ಮತ್ತು ಕೇರಿಗಳ ತಾಯಂದಿರು ಇಬ್ಬರು. ಪಕ್ಷದ ಪದಾಧಿಕಾರಿಗಳು ಯಾರೂ ಬೇಡ, ಯಾವ ಪಕ್ಷದವರೂ. ಶಿವಮೊಗ್ಗದಲ್ಲಿ ಇದನ್ನು ಬೈಲಾದಲ್ಲೇ ಬರೆದಿಡಬೇಕು, ಬಾಯಿಮಾತಿನಲ್ಲಿ ನಿಲ್ಲುವುದಿಲ್ಲ. ಇಪ್ಪತ್ತರ ಆಸುಪಾಸಿನ ಇಬ್ಬರು ಹುಡುಗ ಹುಡುಗಿಯರಿಗೂ ಅಲ್ಲಿ ಕುರ್ಚಿ ಇರಲಿ, ಮತವೂ ಇರಲಿ.

ಮಂಡಳಿಗಿಂತ ನನಗೆ ಹೆಚ್ಚು ಚಿಂತೆ ಸಿಬ್ಬಂದಿಯದು. ನಮ್ಮಲ್ಲಿ ಇಂಥ ಕೆಲಸವೆಂದರೆ 'ಸೇವೆ' ಎಂದು ಹಣೆಪಟ್ಟಿ ಹಚ್ಚಿ ಪುಕ್ಕಟೆ ಮಾಡಿಸಿಕೊಳ್ಳುವ ಅಭ್ಯಾಸ. ಬೀಟ್ ಮುಗಿಸಿ ಬಂದ ಕಾನ್‌ಸ್ಟೇಬಲ್‌ಗೆ ಸಂಜೆ ಕಬಡ್ಡಿ ತಂಡವನ್ನೂ ನೋಡಿಕೋ ಎಂದರೆ ಅದು ಆ ಕಾನ್‌ಸ್ಟೇಬಲ್‌ಗೂ ಅನ್ಯಾಯ, ತಂಡಕ್ಕೂ ಅನ್ಯಾಯ. ಪೂರ್ಣಾವಧಿಯ ಒಬ್ಬ ಸಂಯೋಜಕರು ಬೇಕೇ ಬೇಕು. ಅವರು ಇಲಾಖೆಯವರಾಗಿರಬಾರದು, ಮಂಡಳಿಗೆ ಉತ್ತರ ಹೇಳಬೇಕೇ ಹೊರತು ಠಾಣೆಗಲ್ಲ. ಎಂ.ಎಸ್.ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಓದಿದ ಮಕ್ಕಳು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಓದಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಯಾಕೆಂದರೆ ಇಲ್ಲಿ ಆ ಓದಿಗೆ ಸಂಬಳವಿಲ್ಲ. ಅವರಲ್ಲಿ ಇಬ್ಬರನ್ನು ಆಪ್ತಸಮಾಲೋಚಕರಾಗಿ ತೆಗೆದುಕೊಳ್ಳಿ, ಒಬ್ಬಾಕೆ ಹೆಣ್ಣುಮಗಳೇ ಆಗಿರಲಿ. ಅಂದಹಾಗೆ, ಬಾಲನ್ಯಾಯ ಕಾಯ್ದೆ 2015ರ 107ನೇ ಕಲಮು ಪ್ರತಿ ಜಿಲ್ಲೆಯ ವಿಶೇಷ ಬಾಲ ಪೊಲೀಸ್ ಘಟಕದಲ್ಲಿ ಇಬ್ಬರು ಸಮಾಜ ಕಾರ್ಯಕರ್ತರಿರಬೇಕು, ಒಬ್ಬರು ಮಹಿಳೆಯಾಗಿರಬೇಕು ಎನ್ನುತ್ತದೆ. ಪ್ರತಿ ಠಾಣೆಯಲ್ಲೂ ಎಎಸ್ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಅಧಿಕಾರಿಯನ್ನೂ ಅದೇ ಕಲಮು ಹೇಳಿದೆ. ಠಾಣೆಯ ಬೋರ್ಡಿನಲ್ಲಿ ಅವರ ಹೆಸರಿದ್ದರೆ ಸಾಲದು, ಸಂಸ್ಥೆಯ ಸಿಬ್ಬಂದಿಗೆ ಇಲಾಖೆಯ ಕಡೆಯಿಂದ ಕೈಜೋಡಿಸುವವರು ಇವರೇ ಆಗಲಿ.

ಕೋಚುಗಳ ಆಯ್ಕೆ ಬಗ್ಗೆ ಪಿಟಿ ಮೇಷ್ಟ್ರಾಗಿ ಒಂದು ಮಾತು. ಪದಕ ನೋಡಿ ಕೋಚನ್ನು ತರಬೇಡಿ. ಚೆನ್ನಾಗಿ ಆಡುವವರನ್ನು ಗೆಲ್ಲಿಸುವ ಕೋಚು ಬೇರೆ, ಆಟವೇ ಬಾರದವನನ್ನು ನಾಳೆಯೂ ಬರುವಂತೆ ಮಾಡುವ ಕೋಚು ಬೇರೆ. ನಮಗೆ ಬೇಕಾದ್ದು ಎರಡನೆಯವರು. ಕೋಚಿರಲಿ, ಚಾಲಕನಿರಲಿ, ಮಕ್ಕಳ ಜೊತೆ ಇರುವ ಪ್ರತಿಯೊಬ್ಬರ ಹಿನ್ನೆಲೆ ಪರಿಶೀಲನೆಯಾಗಬೇಕು. ಪೊಲೀಸರ ಸಂಸ್ಥೆಯಾದ್ದರಿಂದ ಇದು ಅತಿ ಸುಲಭ ಎಂದು ಎಲ್ಲರೂ ಅಂದುಕೊಂಡು ಯಾರೂ ಮಾಡದೆ ಬಿಡುವ ಅಪಾಯವಿದೆ. ಸಿಬ್ಬಂದಿಯ ಮೇಲೆಯೇ ದೂರು ಬಂದರೆ ಅದನ್ನು ಸ್ವೀಕರಿಸುವವರು ಸಂಸ್ಥೆಯ ಹೊರಗಿನವರಾಗಿರಲಿ. ಹುಡುಗಿಯರ ತಂಡ ಕಟ್ಟುವುದಾದರೆ ಆಟ ಮುಗಿದ ಮೇಲೆ ಅವರು ಮನೆ ಮುಟ್ಟುವುದು ಹೇಗೆ ಎಂಬುದೂ ಸಿಬ್ಬಂದಿಯ ಕೆಲಸವೇ. ಹೊಸನಗರದ ಒಳಹಳ್ಳಿಯ ಹುಡುಗಿ ಬಸ್ಸಿಳಿದು ಕತ್ತಲೆಯಲ್ಲಿ ಕಾಡುದಾರಿ ನಡೆಯಬೇಕೆಂದಾದರೆ ಅವಳಪ್ಪ ಎರಡನೇ ದಿನ ಕಳಿಸುವುದಿಲ್ಲ, ಕಳಿಸಲೂಬಾರದು.

ಮಳೆಯನ್ನು ಮರೆತು ಇಲ್ಲಿ ಯಾವ ಯೋಜನೆಯನ್ನೂ ಬರೆಯಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೈದಾನಗಳೆಲ್ಲ ಗದ್ದೆಯೇ. ಆ ನಾಲ್ಕು ತಿಂಗಳು ಸೂರಿನಡಿ ಏನಾದರೂ ಇರಲೇಬೇಕು: ಕೇರಂ, ಟೇಬಲ್ ಟೆನಿಸ್, ಪೊಲೀಸ್ ನೇಮಕಾತಿ ಪರೀಕ್ಷೆಯ ತಯಾರಿ, ಬೈಕ್ ಮೆಕ್ಯಾನಿಕ್ ತರಬೇತಿ. ಪೇಟೆಯಲ್ಲಿ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನವಿದೆ ಎಂದು ಇಡೀ ಜಿಲ್ಲೆಯ ಲೆಕ್ಕ ಹಾಕಿದರೆ ಮಲೆನಾಡಿನ ಅರ್ಧ ಹುಡುಗರು ಹೊರಗೇ ಉಳಿಯುತ್ತಾರೆ.

ದುಡ್ಡಿನ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಠಾಣೆಯಿಂದ ಫೋನು ಹೋದರೆ ಅಡಿಕೆ ಮಂಡಿಯವರು, ಕ್ರಷರ್‌ನವರು, ಮರಳು ಲಾರಿಯವರು, ಬಾರ್ ಮಾಲೀಕರು ಇಲ್ಲ ಎನ್ನುವುದಿಲ್ಲ. ಇಲ್ಲ ಎನ್ನಲಾರದವನಿಂದ ತೆಗೆದುಕೊಂಡದ್ದು ದೇಣಿಗೆಯಲ್ಲ. ನಾಳೆ ಅದೇ ಲಾರಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿದಾಗ "ಮಕ್ಕಳ ಜರ್ಸಿ ನಾನೇ ಕೊಟ್ಟದ್ದು ಸಾರ್" ಎನ್ನುವ ಮಾತು ಬಂದೇ ಬರುತ್ತದೆ. ಸರ್ಕಾರಿ ನೌಕರರು ಅನುಮತಿಯಿಲ್ಲದೆ ಚಂದಾ ಎತ್ತಬಾರದೆಂದು ನಡತೆ ನಿಯಮಗಳಲ್ಲೇ ಇದೆ. ಆದ್ದರಿಂದ ಸಮವಸ್ತ್ರದಲ್ಲಿರುವ ಯಾರೂ ಹಣ ಕೇಳಬಾರದು, ಮುಟ್ಟಬಾರದು, ಚೆಕ್ಕಿಗೆ ಸಹಿ ಹಾಕಬಾರದು. ಕಂಪನಿ ಕಾಯ್ದೆ 2013ರ 135ನೇ ಕಲಮಿನಡಿ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಅಲ್ಲಿಗೆ ಅರ್ಜಿ ಹಾಕಲಿ, ಸಹಕಾರ ಸಂಘಗಳನ್ನು ಕೇಳಲಿ, ಜಿಲ್ಲಾಡಳಿತವನ್ನು ಕೇಳಲಿ. ಯಾರು ಎಷ್ಟು ಕೊಟ್ಟರು, ಸಂಯೋಜಕರ ಸಂಬಳ ಎಷ್ಟು ಎಂಬ ಪಟ್ಟಿ ಮೂರು ತಿಂಗಳಿಗೊಮ್ಮೆ ಗೋಡೆಗೆ ಅಂಟಲಿ.

ಇನ್ನೊಂದು ಮಾತಿದೆ. ಇದನ್ನು ತಾವು ಒಪ್ಪದಿದ್ದರೆ ಉಳಿದದ್ದೆಲ್ಲ ಮಾಡಿಯೂ ಉಪಯೋಗವಿಲ್ಲ. ಕ್ಲಬ್ಬಿಗೆ ಬರುವ ಹುಡುಗ ಮಾಹಿತಿದಾರನಲ್ಲ. ಸಮಾಲೋಚಕರ ಎದುರು ಅವನು "ಅಣ್ಣನ ಜೊತೆ ಸೇರಿ ಗಾಂಜಾ ಸೇದಿದೆ" ಎಂದರೆ ಆ ಮಾತು ಬೀಟ್ ಪುಸ್ತಕಕ್ಕೆ ಹೋಗಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಯಾರದಾದರೂ ಜೀವಕ್ಕೆ ಅಪಾಯವಿದ್ದರೂ ಅಷ್ಟೇ. ಅದರಾಚೆಗಿನದು ಅಲ್ಲೇ ಉಳಿಯಬೇಕು. ಹಬ್ಬದ ಹಿಂದಿನ ದಿನ ಮುನ್ನೆಚ್ಚರಿಕೆಗೆಂದು ಎತ್ತಿಕೊಂಡು ಬರುವವರ ಪಟ್ಟಿ ಮಾಡಲು ಯಾರಾದರೂ ಕ್ಲಬ್ಬಿನ ಹಾಜರಿ ಪುಸ್ತಕ ಕೇಳಿದರೆ ಸಂಯೋಜಕರು "ಕೊಡುವುದಿಲ್ಲ" ಎನ್ನುವಂತಿರಬೇಕು, ಹಾಗೆ ಎಂದಮೇಲೂ ಅವರ ಕೆಲಸ ಉಳಿಯಬೇಕು.

ಘಟ್ಟದ ಮೇಲೆ ಇದಕ್ಕೆ ಇನ್ನೂ ಹಳೆಯ ಕಾರಣವಿದೆ. 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ ಕಾಲದಿಂದ ಆಗುಂಬೆ, ಶೃಂಗೇರಿ, ಕೊಪ್ಪದ ಕಾಡಂಚಿನ ಮನೆಗಳವರು ಪೊಲೀಸರನ್ನು ಕಂಡದ್ದು ಕೂಂಬಿಂಗ್‌ಗೆ ಬಂದ ಬಂದೂಕುಧಾರಿಗಳಾಗಿ. "ಯಾರು ಬಂದಿದ್ದರು, ಅಕ್ಕಿ ಯಾರಿಗೆ ಕೊಟ್ಟಿರಿ" ಎನ್ನುವ ಪ್ರಶ್ನೆ ಕೇಳಿ ಬೆಳೆದ ಮಕ್ಕಳು ಈಗ ಅಪ್ಪ ಅಮ್ಮಂದಿರು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದ ಮೇಲೆ ಕಾಡು ಶಾಂತವಾಯಿತು ಎನ್ನುತ್ತಾರೆ, ಸಂತೋಷ. ಆದರೆ ಆ ಮನೆಗಳಿಗೆ ಪೊಲೀಸರ ಹೆಸರಿನ ಸಂಸ್ಥೆಯಿಂದ ಯಾರಾದರೂ ಬಂದರೆ ಮೊದಲು ಏಳುವ ಅನುಮಾನ ಇನ್ನೂ ಅದೇ. ಅಲ್ಲಿಗೆ ಹೋಗುವ ಸಿಬ್ಬಂದಿ ಅದೇ ಸೀಮೆಯವರಾಗಿರಬೇಕು, ಚಾವಡಿಯಲ್ಲಿ ಕೂತು ಅಡಿಕೆ ಕೊಳೆರೋಗದ ವಿಚಾರ ಮಾತಾಡಬಲ್ಲವರಾಗಿರಬೇಕು.

ಸದ್ಯಕ್ಕೆ ಮೂರು ಕೆಲಸ ತಮ್ಮ ಕೈಯಲ್ಲೇ ಇವೆ. ಜಿಲ್ಲಾಧಿಕಾರಿಗಳ ಜೊತೆ ಕೂತು ಬೈಲಾದ ಕರಡು ಸಿದ್ಧಪಡಿಸಿ, ಕನ್ನಡದಲ್ಲಿ, ಎಲ್ಲ ಠಾಣೆ ಮತ್ತು ಗ್ರಾಮ ಪಂಚಾಯಿತಿಗಳ ನೋಟಿಸ್ ಬೋರ್ಡಿಗೆ ಹಾಕಿಸಿ. ಒಂದು ತಿಂಗಳು ಆಕ್ಷೇಪಣೆಗಳನ್ನು ಕೇಳಿ. ಆಮೇಲೆ ಸಭೆ ಕರೆಯಿರಿ. ತಮಗೆ ವರ್ಗದ ಆದೇಶ ಬರುವ ಮೊದಲೇ ಸಂಯೋಜಕರ ನೇಮಕ ಆಗಿರಲಿ, ಎರಡು ವರ್ಷದ ಸಂಬಳ ಬ್ಯಾಂಕಿನಲ್ಲಿರಲಿ.

ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟು ಮೂರರೊಳಗೆ ಮುಗಿಸಿ. ತಡವಾದರೆ ಸೊರಬ, ಹೊಸನಗರದ ಒಳಹಳ್ಳಿಗಳಿಂದ ಬಂದ ಹುಡುಗರಿಗೆ ಊರಿಗೆ ಬಸ್ಸು ಸಿಗುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ
ಶಿವಮೊಗ್ಗ