ಹೊಸ ಕಟ್ಟಡಕ್ಕೆ ಮೊದಲು ಹಳೆಯ ಸೂರು ನೋಡಿ

ಮಾನ್ಯ ಸಂಪಾದಕರೆ,

ಮಗಳ ಪ್ರವೇಶಕ್ಕೆಂದು ಕಳೆದ ವಾರ ನಮ್ಮ ಜಿಲ್ಲೆಯ ಉನ್ನತ ಶಿಕ್ಷಣ ಸಂಸ್ಥೆಯೊಂದರ ಆವರಣಕ್ಕೆ ಹೋಗಿದ್ದೆ. ಹಳೆಯ ಕಟ್ಟಡದ ಸಜ್ಜಾದ ಮೇಲೆ ಅರಳಿ ಗಿಡವೊಂದು ಆಳೆತ್ತರ ಬೆಳೆದು ನಿಂತಿದೆ. ಬೇರು ಇಳಿದಲ್ಲಿ ಗೋಡೆ ಬಿರಿದು ತರಗತಿಯೊಳಕ್ಕೆ ನೀರು ಜಿನುಗುತ್ತಿದೆ. ಮಕ್ಕಳು ಬೆಂಚುಗಳನ್ನು ಮೂಲೆಗೆ ಸರಿಸಿಕೊಂಡು ಪಾಠ ಕೇಳುತ್ತಿದ್ದರು. ಗೇಣುದ್ದ ಇದ್ದಾಗಲೇ ಕಿತ್ತಿದ್ದರೆ ಅದು ಹತ್ತು ನಿಮಿಷದ ಕೆಲಸ. ಅಲ್ಲಿಂದ ಕೂಗಳತೆಯಲ್ಲೇ ಹೊಸ ಕಟ್ಟಡದ ಕಂಬಗಳು ಏಳುತ್ತಿವೆ. ನೋಡಿ ಹೊಟ್ಟೆ ಉರಿಯಿತು.

ಸಕಲೇಶಪುರದ ಕಡೆ ಬಡವರೂ ಮುಂಗಾರಿಗೆ ಮೊದಲು ಮಾಡಿನ ಹೆಂಚು ಕೈಯಾಡಿಸುತ್ತಾರೆ. ಎಕರೆಗಟ್ಟಲೆ ಜಮೀನು, ಎಂಜಿನಿಯರ್ ವಿಭಾಗ ಎರಡೂ ಇರುವ ವಿಶ್ವವಿದ್ಯಾಲಯಗಳಿಗೆ ಅಷ್ಟು ಮಾಡಲಾಗದೆ?

ಆವರಣದ ರಸ್ತೆಯನ್ನು ಪೈಪಿಗೆಂದು ಅಗೆದು ಮಣ್ಣು ಮುಚ್ಚಿ ಬಿಟ್ಟಿದ್ದಾರೆ. ಗ್ರಂಥಾಲಯದ ಇಳಿಜಾರು ದಾರಿ ಒಂದು ಮೆಟ್ಟಿಲ ಮುಂದೆ ನಿಂತುಹೋಗಿದೆ. ಗಾಲಿಕುರ್ಚಿಯ ವಿದ್ಯಾರ್ಥಿಯನ್ನು ಇಬ್ಬರು ಗೆಳೆಯರು ಎತ್ತಿ ಒಳಗೆ ಬಿಟ್ಟರು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಕಾನೂನಿಗೇನೂ ಕೊರತೆಯಿಲ್ಲ.

ಕುವೆಂಪು ಅವರು ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ ಮಾನಸಗಂಗೋತ್ರಿಯನ್ನು ಕಟ್ಟಿದರು. ಆವರಣವೂ ವಿದ್ಯೆಯ ಭಾಗವೆಂದು ಬಗೆದ ನಾಡು ನಮ್ಮದು. ಪ್ರತಿ ವಿಶ್ವವಿದ್ಯಾಲಯವೂ ಏಪ್ರಿಲ್‌ನಲ್ಲೇ ಸೂರು, ಚರಂಡಿ, ರಸ್ತೆಗಳ ತಪಾಸಣೆ ಮಾಡಿಸಿ, ವರದಿಯನ್ನು ಸೂಚನಾ ಫಲಕದಲ್ಲಿ ಹಾಕಲಿ. ದುರಸ್ತಿಗೆ ಪ್ರತ್ಯೇಕ ಹಣ ತೆಗೆದಿಡದೆ ಹೊಸ ಕಟ್ಟಡಕ್ಕೆ ಸರ್ಕಾರ ಅನುಮೋದನೆ ಕೊಡಬಾರದು.

– ಪೋಷಕರೊಬ್ಬರು, ಹಾಸನ